ಸಂಗಮನ ಐವರು ಮಕ್ಕಳು

ಕೊಪ್ಪ, ನರಸಿಂಹರಾಜಪುರಗಳ ಕಡೆಯಿಂದ ಶೃಂಗೇರಿಗೆ ಹೋಗುವ ನಾವು ಶಾರದಾಂಬೆಯ ದರ್ಶನ ಮಾಡಿ, ತುಂಗೆಯ ಮೀನುಗಳಿಗೆ ಮಂಡಕ್ಕಿ ಎರಚಿ ಹಿಂದಿರುಗುತ್ತೇವೆ. ಅಲ್ಲಿಯ 1346ರ ಶಾಸನವನ್ನು ನೆನೆಯುವವರು ವಿರಳ. ಒಂದು ರಾಜವಂಶದ ಎಳೆತನದ ಚಿತ್ರವು ಅದರಲ್ಲಿದೆ.

ಹರಿಹರ, ಕಂಪಣ, ಬುಕ್ಕ, ಮಾರಪ್ಪ, ಮುದ್ದಪ್ಪ ಇವರು ಸಂಗಮನ ಮಕ್ಕಳು. ಹೊಯ್ಸಳ ಮೂರನೆಯ ಬಲ್ಲಾಳನು ಮಧುರೆಯ ಸುಲ್ತಾನನೊಡನೆ ಹೋರಾಡಿ ಮಡಿದ ಮೇಲೆ ಅವನ ನಾಡು ಕ್ರಮೇಣ ಇವರ ಕೈಸೇರಿತು. ವಿಜಯೋತ್ಸವಕ್ಕೆಂದು ಸಹೋದರರು ಶೃಂಗೇರಿಗೆ ಬಂದು ಭಾರತೀತೀರ್ಥರಿಗೆ ಭೂದಾನ ಮಾಡಿದರು. ಪೂರ್ವಪಶ್ಚಿಮ ಸಮುದ್ರಾಧಿಪತಿಯೆನಿಸಿದರೂ ಹರಿಹರನು ಮಹಾಮಂಡಲೇಶ್ವರನೆಂಬ ಸಾಮಂತರ ಬಿರುದನ್ನೇ ಧರಿಸಿದ್ದನು. ಅರಸನೆನಿಸಿಕೊಳ್ಳಲು ಗೆಲುವೊಂದೇ ಸಾಲದಷ್ಟೆ!

ಇಲ್ಲಿ ನನಗೆ ಫ್ರಾನ್ಸಿನ ರೋಲೋ ನೆನಪಾಗುತ್ತಾನೆ. ಹಡಗುಗಳಲ್ಲಿ ಬಂದು ಸುಲಿಗೆ ಮಾಡುತ್ತಿದ್ದ ಈ ವೈಕಿಂಗ್ ನಾಯಕನಿಗೆ 911ರಲ್ಲಿ ದೊರೆ ಚಾರ್ಲ್ಸನು ಸೇನ್ ನದಿಯ ಬಳಿ ನೆಲ ಕೊಟ್ಟನು. ಅವನೂ ರಾಜನೆಂದು ಕರೆದುಕೊಳ್ಳಲಿಲ್ಲ. ಅವನ ವಂಶದ ವಿಲಿಯಂ 1066ರಲ್ಲಿ ಇಂಗ್ಲೆಂಡನ್ನು ಗೆದ್ದು ರಾಜನಾದನು. ರೋಲೋ ಡೆನ್ಮಾರ್ಕಿನವನೋ ನಾರ್ವೆಯವನೋ ಎಂದು ವಿದ್ವಾಂಸರು ಜಗಳವಾಡುತ್ತಾರೆ. ನಮ್ಮಲ್ಲಿಯೂ ಅದೇ ಪಾಡು: ಸಂಗಮನ ಮಕ್ಕಳು ಹೊಯ್ಸಳರ ಆಶ್ರಯದಲ್ಲಿ ಬೆಳೆದ ಕನ್ನಡಿಗರೋ, ಓರಂಗಲ್ಲಿನಿಂದ ಬಂದವರೋ? ವಂಶಾವಳಿ ಬರೆದ ಶಾಸನಕವಿಗಳಂತೂ ಯದುವನ್ನು ದಾಟಿ ಚಂದ್ರನನ್ನೇ ಮುಟ್ಟಿದರು!

ನನಗೆ ಹಿರಿದಾಗಿ ಕಾಣುವುದು ಆ ಮೂಲವಲ್ಲ, ಅಣ್ಣತಮ್ಮಂದಿರ ಹೊಂದಿಕೆ. ಕಂಪಣನು ಉದಯಗಿರಿಯನ್ನೂ ಮಾರಪ್ಪನು ಚಂದ್ರಗುತ್ತಿಯನ್ನೂ ನೋಡಿಕೊಂಡರು. ರೋಲೋವಿನ ತರುವಾಯ ಮಗನು ಬಂದನು. 1356ರಲ್ಲಿ ಹರಿಹರನ ತರುವಾಯ ಬಂದವನು ತಮ್ಮನಾದ ಬುಕ್ಕ. 1377ರಲ್ಲಿ ಪಟ್ಟವು ಬುಕ್ಕನ ಮಗ ಇಮ್ಮಡಿ ಹರಿಹರನಿಗೆ ಸಂದಿತು. ಅವನು ಮಹಾರಾಜಾಧಿರಾಜನೆನಿಸಿದನು. 1485ರಲ್ಲಿ ಸಾಳುವ ನರಸಿಂಹನೆಂಬ ಇನ್ನೊಬ್ಬ ಸೇನಾನಿಯು ಬಂದು ಆ ಪಟ್ಟವನ್ನು ಕಿತ್ತುಕೊಂಡನು.