ಸವಾರಿ ಬೂಟು: ಲಾಭ-ನಷ್ಟ ಅಳತೆಯಲ್ಲಿದೆ

ಭಾಲ್ಕಿ ತಾಲ್ಲೂಕಿನ ಖಾನಾಪುರದಲ್ಲಿ ನೆಲೆಸಿರುವ ಮೈಲಾರ ಮಲ್ಲಣ್ಣನ ವಾಹನ ಕುದುರೆ. ಗಡಿಯಾಚೆಯ ನಾಂದೇಡ ಜಿಲ್ಲೆಯ ಮಾಳೇಗಾಂವ್ ಖಂಡೋಬಾ ಜಾತ್ರೆಯಲ್ಲಿ ಇಂದಿಗೂ ಕುದುರೆಗಳ ವ್ಯಾಪಾರ ನಡೆಯುತ್ತದೆ. ಆದಕಾರಣ ಕುದುರೆ ನಮ್ಮ ಸೀಮೆಗೆ ಹೊಸದಲ್ಲ. ಆದರೆ ಮೊಣಕಾಲಿನವರೆಗೆ ಏರುವ ಸವಾರಿ ಬೂಟಿಗೆ ಬೇಡಿಕೆಯಿರುವುದು ಹೈದರಾಬಾದ್, ಬೆಂಗಳೂರು, ಮೈಸೂರುಗಳಲ್ಲಿ. ದೇಶದಲ್ಲಿ ಈ ಸರಕಿನ ಪ್ರಮುಖ ಕೇಂದ್ರ ಕಾನಪುರ. ಅಲ್ಲಿಂದ ಸಿದ್ಧ ಬೂಟು ತರಿಸುವ ವರ್ತಕರಾಗಲಿ, ಸ್ಥಳೀಯ ಕುಶಲಕರ್ಮಿಗಳಿಂದ ಹೊಲಿಸುವ ಸಣ್ಣ ತಯಾರಕರಾಗಲಿ, ಚರ್ಮದ ಗುಣಮಟ್ಟದಷ್ಟೇ ಗಮನವನ್ನು ಅಳತೆಗೂ ಕೊಡಬೇಕಾಗುತ್ತದೆ.

ಸಾಮಾನ್ಯ ಪಾದರಕ್ಷೆಗೆ ಪಾದದ ನಂಬರು ಸಾಕು. ಸವಾರಿ ಬೂಟಿಗೆ ಅದರೊಡನೆ ಮೀನಖಂಡದ ಸುತ್ತಳತೆ ಮತ್ತು ಕಾಲಿನ ಎತ್ತರ ಎರಡೂ ಕೂಡಿಬರಬೇಕು. ಒಬ್ಬರ ಅಳತೆಗೆ ಹೊಲಿದು ತಿರಸ್ಕೃತವಾದ ಜೋಡಿ ಮತ್ತೊಬ್ಬರಿಗೆ ಹೊಂದುವುದು ಅಪರೂಪ. ಅದು ಕಪಾಟಿನಲ್ಲಿಯೇ ಉಳಿಯುತ್ತದೆ.

ಗ್ರಾಹಕರು ಸವಾರಿಯ ಷರಾಯಿ ಹಾಗೂ ಕಾಲುಚೀಲ ಧರಿಸಿ, ಮೊಣಕಾಲು ನೇರಕೋನದಲ್ಲಿ ಮಡಿಯುವಂತೆ ಕುರ್ಚಿಯ ಮೇಲೆ ಕೂರಬೇಕು. ಮೀನಖಂಡದ ಅತಿ ದಪ್ಪ ಭಾಗದ ಸುತ್ತಳತೆಯನ್ನೂ, ನೆಲದಿಂದ ಮೊಣಕಾಲ ಹಿಂಬದಿಯ ಮಡಿಕೆಯವರೆಗಿನ ಎತ್ತರವನ್ನೂ ತೆಗೆದುಕೊಳ್ಳಬೇಕು. ಎರಡು ಕಾಲುಗಳು ಸಮನಾಗಿರುವುದು ಕಡಿಮೆ. ಸಿದ್ಧ ಬೂಟಾದರೆ ದಪ್ಪ ಕಾಲೇ ಪ್ರಮಾಣ. ಸಂಜೆಯ ವೇಳೆಗೆ ಕಾಲು ಸ್ವಲ್ಪ ಊದಿಕೊಳ್ಳುವುದರಿಂದ ಮುಂಜಾನೆಯ ಅಳತೆಯನ್ನು ನೆಚ್ಚಬಾರದು.

ಹೆಚ್ಚಿನವರು ಎಡವುವುದು ಎತ್ತರದಲ್ಲಿ. ಹೊಸ ಬೂಟು ಮೊಣಕಾಲ ಹಿಂಬದಿಗೆ ಒತ್ತುತ್ತದೆಂದು ಗ್ರಾಹಕರು ದೂರುತ್ತಾರೆ. ಅವರನ್ನು ಮೆಚ್ಚಿಸಲು ಮೇಲಂಚನ್ನು ಕತ್ತರಿಸಿ ಕೊಟ್ಟರೆ ಕೆಲಸ ಕೆಟ್ಟಿತು. ಬಳಕೆಯಿಂದ ಕಣಕಾಲಿನ ಬಳಿ ಚರ್ಮ ಸುಕ್ಕುಗಟ್ಟಿ, ಬೂಟು ಎರಡರಿಂದ ನಾಲ್ಕು ಸೆಂಟಿಮೀಟರಿನಷ್ಟು ಕೆಳಗಿಳಿಯುತ್ತದೆ. ಹೊಸತರಲ್ಲಿ ತುಸು ಎತ್ತರವೆನಿಸುವುದೇ ಸರಿಯಾದ ಬೂಟು. ಅಲ್ಲಿಯವರೆಗೆ ಹಿಮ್ಮಡಿಯ ಕೆಳಗೆ ತೆಳುವಾದ ಮೆತ್ತೆಯಿಟ್ಟರೆ ಒತ್ತಡ ಕಡಿಮೆಯಾಗುತ್ತದೆ. ಇದನ್ನು ಮಾರುವ ಮೊದಲೇ ತಿಳಿಸಿದರೆ ವಿವರಣೆ, ಮಾರಿದ ಮೇಲೆ ಹೇಳಿದರೆ ನೆಪ!

ಮೀನಖಂಡದ ಬಳಿ ಬೂಟು ಬಿಗಿಯಾಗಿ ಅಂಟಿಕೊಂಡಿರಬೇಕು, ಆದರೆ ಜಿಪ್ ಎಳೆಯಲು ಬಲಪ್ರಯೋಗ ಬೇಕಾಗಬಾರದು. ಚರ್ಮ ಕ್ರಮೇಣ ಸ್ವಲ್ಪ ಹಿಗ್ಗುತ್ತದೆಯಾದ್ದರಿಂದ ಆರಂಭದಲ್ಲಿಯೇ ಸಡಿಲವಿರುವುದು ಬೇಡ. ದಾಸ್ತಾನಿಗೆ ಜಿಪ್ ಪಕ್ಕದಲ್ಲಿ ಎಲಾಸ್ಟಿಕ್ ಪಟ್ಟಿಯಿರುವ ಮಾದರಿಯೇ ಲೇಸೆಂಬುದು ನಮ್ಮ ಅಭಿಪ್ರಾಯ. ಒಂದೇ ಜೋಡಿ ಹಲವು ಗಾತ್ರದ ಕಾಲುಗಳಿಗೆ ಒಗ್ಗುತ್ತದೆ.

ಅಟ್ಟೆ ಮತ್ತು ಹಿಮ್ಮಡಿಗಳದು ಅಂದದ ಪ್ರಶ್ನೆಯಲ್ಲ. ಸುಮಾರು ಎರಡೂವರೆ ಸೆಂಟಿಮೀಟರ್ ಎತ್ತರದ ಹಿಮ್ಮಡಿಯು ಪಾದವು ರಿಕಾಪಿನೊಳಗಿಂದ ಮುಂದಕ್ಕೆ ಜಾರದಂತೆ ತಡೆಯುತ್ತದೆ. ಪಾದ ಸಿಕ್ಕಿಕೊಂಡ ಸವಾರನು ಬಿದ್ದರೆ ಕುದುರೆ ಅವನನ್ನು ಎಳೆದೊಯ್ಯುವ ಅಪಾಯವುಂಟು. ಆಳವಾದ ಗೀರುಗಳುಳ್ಳ, ಬೆಟ್ಟ ಹತ್ತುವವರ ಬೂಟಿನಂತಹ ಅಟ್ಟೆಯನ್ನು ಇದೇ ಕಾರಣಕ್ಕಾಗಿ ಹಾಕಕೂಡದು.

ಬೂಟು ಒಪ್ಪಿಸುವಾಗ ಗ್ರಾಹಕರನ್ನು ನಿಲ್ಲಿಸಿ ನೋಡಿದರೆ ಸಾಲದು. ಮೊಣಕಾಲು ಮಡಿಸಿ, ಹಿಮ್ಮಡಿಯನ್ನು ಕೆಳಕ್ಕೊತ್ತಿ ಕೂರಿಸಬೇಕು. ಜೀನು ಲಭ್ಯವಿದ್ದರೆ ಅದರ ಮೇಲೆಯೇ.

2025ರ ಸೆಪ್ಟೆಂಬರ್ 22ರಿಂದ ಜೋಡಿಗೆ 2,500 ರೂಪಾಯಿ ಮೀರಿದ ಪಾದರಕ್ಷೆಗಳಿಗೆ ಶೇಕಡಾ 18ರ ಜಿಎಸ್‌ಟಿ ಅನ್ವಯಿಸುತ್ತಿದ್ದು, ಚರ್ಮದ ಉದ್ದ ಬೂಟು ಸಾಮಾನ್ಯವಾಗಿ ಈ ವರ್ಗಕ್ಕೇ ಸೇರುತ್ತದೆ. ದರ ಹೇಳುವಾಗ ತೆರಿಗೆ ಸೇರಿದೆಯೋ ಇಲ್ಲವೋ ಎಂಬುದನ್ನು ಸ್ಪಷ್ಟಪಡಿಸಿ, ಅಳತೆಯ ಚೀಟಿಗೆ ಗ್ರಾಹಕರ ಸಹಿ ಪಡೆದು, ಅರ್ಧ ಹಣ ಮುಂಗಡ ಬಂದ ಮೇಲೆಯೇ ಚರ್ಮಕ್ಕೆ ಕತ್ತರಿ ಹಾಕುವುದು ಕ್ಷೇಮ.