ಇರುವೆ ದೊಡ್ಡದು, ಬಜೆಟ್ ಚಿಕ್ಕದು

ಜಪಾನಿನ ಯಾವುದೋ ಊರಿನ ಬೀದಿ. ಐದಾರು ಮಹಡಿ ಕಟ್ಟಡದ ನೆತ್ತಿಯಿಂದ ಬಸ್ಸಿನಷ್ಟು ದಪ್ಪದ ಕರಿ ಇರುವೆಯೊಂದು ಇಣುಕುತ್ತದೆ. ಅದರ ಬೆನ್ನಿಗೇ ಹತ್ತು, ಇಪ್ಪತ್ತು, ಐವತ್ತು. ಗೋಡೆ ಹಿಡಿದು ಇಳಿಯುವ ಆ ಹಿಂಡಿನತ್ತ ರಾಕೆಟ್ ಹಾರಿಸಿದರೆ ಅದು ಗುರಿ ತಪ್ಪಿ ಕಟ್ಟಡಕ್ಕೆ ಬಡಿಯುತ್ತದೆ, ಕಟ್ಟಡ ಇಡಿಯಾಗಿ ಕುಸಿದು ಕೂರುತ್ತದೆ. ಅದಕ್ಕೆ ದಂಡವಿಲ್ಲ, ಯಾರೂ ಬೈಯುವುದೂ ಇಲ್ಲ. ಜೊತೆಗೆ ಆಡುತ್ತಿರುವ ಗೆಳೆಯನ ಸೈನಿಕ ಅದೇ ಸ್ಫೋಟಕ್ಕೆ ಸಿಕ್ಕಿ ಗಾಳಿಯಲ್ಲಿ ಪಲ್ಟಿ ಹೊಡೆಯುತ್ತಾನೆ. ಅಷ್ಟರಲ್ಲಿ ಇಡೀ ಚಿತ್ರ ತಡವರಿಸಿ ಎಲ್ಲವೂ ನಿಧಾನವಾಗಿ ನಡೆಯತೊಡಗುತ್ತದೆ. ಇದು ಬೇಕೆಂದು ಮಾಡಿದ ಸ್ಲೋ ಮೋಷನ್ ಅಲ್ಲ. ಯಂತ್ರಕ್ಕೆ ಆ ಭಾರ ಹೊರಲಾಗಲಿಲ್ಲ, ಅಷ್ಟೆ. 'ಅರ್ತ್ ಡಿಫೆನ್ಸ್ ಫೋರ್ಸ್', ಆಡುವವರ ಬಾಯಲ್ಲಿ 'ಇಡಿಎಫ್', ಎರಡು ದಶಕಗಳಿಂದ ಹೀಗೇ ಇರುವ ಗೇಮ್ ಸರಣಿ. ವಿಮರ್ಶಕರು ಇದರ ಬಗ್ಗೆ ಸಾಮಾನ್ಯವಾಗಿ ಬರೆಯುವುದು ಒಂದೇ ತೀರ್ಪು: ದೋಷಗಳು ಬೇಕಾದಷ್ಟಿವೆ, ಆದರೂ ಮಜವಾಗಿದೆ. ದೋಷ ಒಂದು ಖಾತೆಗೆ, ಮಜ ಇನ್ನೊಂದು ಖಾತೆಗೆ. ನನಗೆ ಹಾಗನ್ನಿಸುವುದಿಲ್ಲ. ಕೈಯಲ್ಲಿದ್ದ ಅಲ್ಪ ಹಣವನ್ನು ಎಲ್ಲಿ ಸುರಿಯಬೇಕು, ಎಲ್ಲಿ ಕೈ ಬಿಗಿ ಹಿಡಿಯಬೇಕು ಎಂದು ಈ ಗೇಮ್ ಮಾಡಿದವರು ಒಂದು ತೀರ್ಮಾನಕ್ಕೆ ಬಂದರು. ಎರಡೂ ಹುಟ್ಟಿದ್ದು ಅಲ್ಲಿಂದಲೇ.

ಆ ಅಲ್ಪ ಹಣದ ಕಥೆ ಶುರುವಾಗುವುದು ಡಿ3 ಪಬ್ಲಿಷರ್ ಎಂಬ ಜಪಾನಿ ಕಂಪನಿಯ 'ಸಿಂಪಲ್' ಮಾಲಿಕೆಯಿಂದ. ಮೊದಲ ಪ್ಲೇಸ್ಟೇಷನ್ ಕಾಲದಲ್ಲಿ 1500 ಯೆನ್, ಪ್ಲೇಸ್ಟೇಷನ್ 2ರ ಕಾಲದಲ್ಲಿ 2000 ಯೆನ್: ಬೆಲೆಯೇ ಮಾಲಿಕೆಯ ಹೆಸರಿನ ಭಾಗ. ಮಿಕ್ಕ ಗೇಮ್‌ಗಳ ಬೆಲೆಯ ಮುಂದೆ ಇದು ಒಂದು ಚೂರು. ಮಾಜಾಂಗ್, ಶೋಗಿ, ಬಿಲಿಯರ್ಡ್ಸ್‌ನಂಥ ಸಾದಾ ಆಟಗಳು ಈ ಮಾಲಿಕೆಯಲ್ಲಿ ಒಂದರ ಹಿಂದೊಂದು ಬಂದವು. 2003ರ ಜೂನ್‌ನಲ್ಲಿ ಮೂವತ್ತೊಂದನೆಯ ಸಂಪುಟವಾಗಿ ಬಂದದ್ದು ಸ್ಯಾಂಡ್‌ಲಾಟ್ ಎಂಬ ಚಿಕ್ಕ ತಂಡ ಮಾಡಿದ ಇಡಿಎಫ್. ಅದರ ಜಪಾನಿ ಹೆಸರು 'ಚಿಕ್ಯೂ ಬೋಯೆಗುನ್', ಅಂದರೆ ಭೂರಕ್ಷಣಾ ಪಡೆ. 'ಗಾಡ್ಜಿಲ್ಲಾ' ಮಾಡಿದ ಇಶಿರೋ ಹೋಂಡಾ 1957ರಲ್ಲಿ ತೆಗೆದ ಅನ್ಯಗ್ರಹದವರ ಸಿನಿಮಾಕ್ಕೂ ಇದೇ ಹೆಸರಿತ್ತು. ಮಾದರಿ ನಗರಗಳನ್ನು ಕಟ್ಟಿ, ರಬ್ಬರ್ ವೇಷದವರನ್ನು ಬಿಟ್ಟು ಅವನ್ನು ತುಳಿಸುತ್ತಿದ್ದ ಆ ಸಿನಿಮಾ ಪರಂಪರೆ ಕಡಿಮೆ ಖರ್ಚಿನಲ್ಲಿ ದೊಡ್ಡ ವಿನಾಶ ತೋರಿಸುವುದರಲ್ಲಿ ಪಳಗಿತ್ತು. ಸ್ಯಾಂಡ್‌ಲಾಟ್ ಅಲ್ಲಿಂದ ಪಡೆದದ್ದು ಹೆಸರಿಗಿಂತ ಹೆಚ್ಚು.

ಉಳಿತಾಯದ ಮೊದಲ ಹೆಜ್ಜೆಯೇ ಶತ್ರುವಿನ ಆಯ್ಕೆ. ಮನುಷ್ಯರ ಒಂದೇ ಗೊಂಬೆಯನ್ನು ನೂರು ಸಲ ನಕಲು ಮಾಡಿ ಬೀದಿಯಲ್ಲಿ ನಿಲ್ಲಿಸಿದರೆ ಮೋಸ ಒಂದೇ ಕ್ಷಣದಲ್ಲಿ ಗೊತ್ತಾಗುತ್ತದೆ. ಮುಖ ಬೇರೆಯಾಗಬೇಕು, ಬಟ್ಟೆ ಬೇರೆಯಾಗಬೇಕು, ತುಟಿ ಅಲುಗಬೇಕು. ಇರುವೆಗಳಿಗೆ ಆ ತೊಂದರೆಯಿಲ್ಲ. ಒಂದೇ ಇರುವೆಯನ್ನು ನೂರು ಸಲ ನಕಲು ಮಾಡಿದರೆ ಕಾಣುವುದು ಇರುವೆಸಾಲು, ನಿಜವಾದ ಇರುವೆಸಾಲು ಕಾಣುವ ಹಾಗೆಯೇ. ಹೀಗೆ ಉಳಿದದ್ದೆಲ್ಲ ಸಂಖ್ಯೆಗೆ ಹೋಯಿತು. ಆ ಇರುವೆಗಳು ಆಮ್ಲ ಉಗುಳುತ್ತವೆ; ಇದು ಕಟ್ಟುಕಥೆಯಲ್ಲ ಎಂಬುದು ಮಲೆನಾಡಿನಲ್ಲಿ ಚಗಳಿ ಎಂಬ ಕೆಂಪಿರುವೆಯ ಚಟ್ನಿಯ ಹುಳಿ ಬಲ್ಲವರಿಗೆ ಗೊತ್ತು. ಅವುಗಳ ಗಾತ್ರ ಮಾತ್ರ ಅಸಾಧ್ಯ. ಪ್ರಾಣಿಯೊಂದನ್ನು ಎಲ್ಲ ದಿಕ್ಕಿಗೂ ಹತ್ತು ಪಟ್ಟು ಹಿಗ್ಗಿಸಿದರೆ ತೂಕ ಸಾವಿರ ಪಟ್ಟು ಏರುತ್ತದೆ, ಕಾಲಿನ ಬಲ ನೂರು ಪಟ್ಟು ಮಾತ್ರ. ಜೀವವಿಜ್ಞಾನಿ ಜೆ.ಬಿ.ಎಸ್. ಹಾಲ್ಡೇನ್ 1926ರಲ್ಲೇ ಒಂದು ಪ್ರಬಂಧದಲ್ಲಿ ಈ ತರ್ಕ ಬಿಡಿಸಿಟ್ಟಿದ್ದರು. ಇಡಿಎಫ್ ಇದಕ್ಕೆಲ್ಲ ವಿವರಣೆ ಕೊಡುವ ಗೋಜಿಗೇ ಹೋಗುವುದಿಲ್ಲ. ಅಂಥ ವಿವರಣೆಗೂ ಬರಹಗಾರರು, ದೃಶ್ಯಗಳು, ದುಡ್ಡು ಬೇಕಲ್ಲ.

ಹಣ ಎಲ್ಲಿ ಬಿತ್ತು, ಎಲ್ಲಿ ಬೀಳಲಿಲ್ಲ ಎಂಬುದು ತೆರೆಯ ಮೇಲೇ ಕಾಣುತ್ತದೆ. ಕಟ್ಟಡಗಳ ಒಳಗೆ ಏನೂ ಇಲ್ಲ, ಬಾಗಿಲು ತೆರೆಯುವುದಿಲ್ಲ, ಆದರೆ ಪ್ರತಿಯೊಂದನ್ನೂ ಕೆಡವಬಹುದು. ಸೈನಿಕರ ಮುಖ ಮರದ ಗೊಂಬೆಯದು, ಆದರೆ ಬೀದಿಯ ಆ ತುದಿಯವರೆಗೆ ಶತ್ರುಗಳಿದ್ದಾರೆ. ಸತ್ತ ಇರುವೆ ತಕ್ಷಣ ಮಾಯವಾಗುವುದಿಲ್ಲ. ಉರುಳಿ ಬಂದು ನಿಮ್ಮ ಮುಂದೆಯೇ ಬೀಳುತ್ತದೆ, ನಿಮ್ಮ ಗುಂಡುಗಳಿಗೆ ಅಡ್ಡವಾಗುತ್ತದೆ, ಆ ಹೆಣದ ಹಿಂದಿನಿಂದ ಜೀವಂತ ಇರುವೆ ಆಮ್ಲ ಚಿಮ್ಮುತ್ತದೆ. ಅಚ್ಚುಕಟ್ಟಿನ ದೊಡ್ಡ ಗೇಮ್‌ಗಳು ಇಂಥ ಹೆಣವನ್ನು ಸದ್ದಿಲ್ಲದೆ ಅಳಿಸಿಬಿಡುತ್ತವೆ, ಇಲ್ಲವೆ ಗುಂಡು ಅದರ ಮೂಲಕ ಹಾದುಹೋಗಲು ಬಿಡುತ್ತವೆ. ಇಲ್ಲಿ ಹೆಣವೂ ಯುದ್ಧದ ಪಾಲುದಾರ. ಆ ಕ್ಷಣ ಉಂಟಾಗುವ ಗಾಬರಿಯನ್ನು ಯಾವ ಕಥೆಗಾರನೂ ಬರೆದಿಟ್ಟಿರುವುದಿಲ್ಲ. ಲೆಕ್ಕವಿಲ್ಲದಷ್ಟು ವಸ್ತುಗಳು ಒಂದಕ್ಕೊಂದು ಢಿಕ್ಕಿ ಹೊಡೆಯಲು ಬಿಟ್ಟದ್ದರ ಫಲ ಅದು. ಯಂತ್ರ ಏದುಸಿರು ಬಿಡುವುದೂ ಅದೇ ಕಾರಣಕ್ಕೆ.

ಇದನ್ನು ಪರೀಕ್ಷಿಸಿ ನೋಡುವ ಅವಕಾಶವೂ ಒದಗಿತು. 2006ರ ಕೊನೆಗೆ ಜಪಾನಿನಲ್ಲಿ, ಮರುವರ್ಷ ಅಮೆರಿಕದಲ್ಲಿ ಎಕ್ಸ್‌ಬಾಕ್ಸ್ 360ಕ್ಕೆ ಬಂದ 'ಇಡಿಎಫ್ 2017' ಈ ಸರಣಿಗೆ ಪಶ್ಚಿಮದಲ್ಲಿ ಅಭಿಮಾನಿಗಳನ್ನು ತಂದಿತು. ಅಲ್ಲಿ ಹೊಸ ಗೇಮ್‌ಗಳು 60 ಡಾಲರ್‌ಗೆ ಮಾರುತ್ತಿದ್ದಾಗ ಇದರ ಬೆಲೆ 40. ಇದನ್ನು ಕಂಡು, 2011ರ 'ಇನ್ಸೆಕ್ಟ್ ಆರ್ಮಗೆಡನ್' ಅನ್ನು ಸ್ಯಾಂಡ್‌ಲಾಟ್ ಬದಲು ವಿಷಸ್ ಸೈಕಲ್ ಎಂಬ ಅಮೆರಿಕನ್ ಸ್ಟುಡಿಯೋಗೆ ವಹಿಸಲಾಯಿತು. ಬಂದವರು ದೋಷಗಳನ್ನೇ ತಿದ್ದಲು ಕೂತರು. ನಿಯಂತ್ರಣ ಹದಗೊಂಡಿತು, ಮೂವರು ಆನ್‌ಲೈನಿನಲ್ಲಿ ಕೂಡಿ ಆಡುವಂತಾಯಿತು, ಮುಂದೆ ಎಲ್ಲಿಗೆ ಹೋಗಬೇಕೆಂದು ಗೇಮೇ ಕೈ ಹಿಡಿದು ಹೇಳತೊಡಗಿತು. ಆದರೆ 'ಇಡಿಎಫ್ 2017'ರಲ್ಲಿ 53 ಇದ್ದ ಮಿಷನ್‌ಗಳು ಇಲ್ಲಿ 15ಕ್ಕೆ ಇಳಿದವು. ಎಲ್ಲವೂ ನಡೆಯುವುದು ಒಂದೇ ಊರಿನಲ್ಲಿ. ಶತ್ರುಗಳು ಬೀದಿ ತುಂಬಿ ಉಕ್ಕುವ ಬದಲು ಕಂತುಕಂತಾಗಿ ಬರುತ್ತಾರೆ. ಗೇಮ್ ಕೆಟ್ಟದೇನಲ್ಲ, ಆದರೆ ಇಡಿಎಫ್ ಅನ್ನು ಅದರಲ್ಲಿ ಹುಡುಕಬೇಕು. 2019ರಲ್ಲಿ ಕುಸ್ತಿ ಗೇಮ್‌ಗಳಿಗೆ ಹೆಸರಾದ ಯೂಕ್ಸ್ ಕಂಪನಿ ಮಾಡಿದ 'ಐರನ್ ರೇನ್' ಗಂಭೀರ ಮುಖ ಮಾಡಿ ಇದೇ ಹಾದಿ ಹಿಡಿಯಿತು. ಅದರ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ.

ಇಲ್ಲಿ ಒಂದು ಆಕ್ಷೇಪ ಬರುವುದು ಸಹಜ. ಮಜ ಬರುವುದು ಗೇಮಿನಿಂದಲ್ಲ, ಜೊತೆಗಿರುವವರಿಂದ. ಗೆಳೆಯ ಪಕ್ಕದಲ್ಲಿದ್ದರೆ ಯಾವ ಕೆಟ್ಟ ಗೇಮೂ ನಗು ತರಿಸುತ್ತದೆ. ಇದು ಅರ್ಧ ನಿಜ. ಗೆಳೆಯರಿಬ್ಬರು ಕೆಟ್ಟ ಗೇಮೊಂದನ್ನು ಅಣಕಿಸುತ್ತಾ ಅರ್ಧ ಗಂಟೆ ಕಳೆಯಬಹುದು, ನೂರು ಗಂಟೆ ಕಳೆಯಲಾಗದು. ಇಡಿಎಫ್ ಜನರನ್ನು ಹಿಡಿದಿಡುವುದು ಪಾತ್ರಗಳ ಕೊರತೆಗಳನ್ನು ಒಂದಕ್ಕೊಂದು ಹೆಣೆದಿರುವುದರಿಂದ. ಈಚಿನ ಭಾಗಗಳಲ್ಲಿ ನಾಲ್ಕು ಬಗೆಯ ಸೈನಿಕರಿದ್ದಾರೆ. ರೇಂಜರ್ ಸಾದಾ ಕಾಲಾಳು. ವಿಂಗ್ ಡೈವರ್ ಹಾರಬಲ್ಲಳು, ಆದರೆ ಹಾರಾಟಕ್ಕೂ ಆಯುಧಕ್ಕೂ ಒಂದೇ ಶಕ್ತಿಯ ಕೋಶ. ಅದು ಪೂರ್ತಿ ಖಾಲಿಯಾದರೆ ಇರುವೆಗಳ ನಡುವೆ ನೆಲದ ಮೇಲೆ ನಿಂತು ತುಂಬುವವರೆಗೆ ಕಾಯಬೇಕು. ಫೆನ್ಸರ್ ಉಕ್ಕಿನ ಕವಚದೊಳಗಿನ ಭಾರದ ಮನುಷ್ಯ. ಏರ್ ರೈಡರ್‌ನ ಬಲವೆಲ್ಲ ಆಕಾಶದಲ್ಲಿ: ಅವನು ಗುರಿ ತೋರಿಸುತ್ತಾನೆ, ಬಾಂಬರ್ ವಿಮಾನ ಬರುತ್ತದೆ, ಅದು ಬರುವವರೆಗೆ ಅವನನ್ನು ಬೇರೆಯವರು ಕಾಯಬೇಕು. ಬಾಂಬುಗಳಿಗೆ ಮಿತ್ರ ಯಾರು, ಶತ್ರು ಯಾರು ಗೊತ್ತಾಗದ ಕಾರಣ ಕಾದವರೇ ಮೊದಲು ಓಡಬೇಕಾಗುತ್ತದೆ. ಇರುವೆಯ ಬಾಯಿಗೆ ಸಿಕ್ಕಿದವನನ್ನು ಅದು ಎತ್ತಿ ಒದರುವಾಗ ಅವನಿಗೆ ಗುಂಡು ತಾಗಿಸದೆ ಇರುವೆಯನ್ನು ಕೊಲ್ಲುವ ಹೊಣೆ ಪಕ್ಕದವನದು. ಇವೆಲ್ಲ ಯೋಚಿಸಿ ಮಾಡಿದ ವಿನ್ಯಾಸ, ಆಕಸ್ಮಿಕವಲ್ಲ. ಆಟದ ನಿಯಮ ಎರಡು ನಿಮಿಷದಲ್ಲಿ ತಿಳಿಯುವಷ್ಟು ಸರಳವಾದ್ದರಿಂದ ಮಾತಿಗೆ, ಕೂಗಾಟಕ್ಕೆ ಬಾಯಿ ಬಿಡುವಾಗಿರುತ್ತದೆ. ಗೇಮಿನೊಳಗಿನ ಸೈನಿಕರೂ ಸುಮ್ಮನಿರುವುದಿಲ್ಲ: ಐದನೆಯ ಭಾಗದಲ್ಲಿ ಎರಡು ಕಾಲಿನ ದೈತ್ಯ ಕಪ್ಪೆಗಳು ಬಂದೂಕು ಹಿಡಿದು ಬಂದಾಗ, ಅವು ಥೇಟ್ ಮನುಷ್ಯರಂತೆಯೇ ಇವೆಯಲ್ಲ ಎಂದು ಅವರು ಬೆರಗಾಗುತ್ತಾರೆ.

ಇನ್ನೊಂದು ಆಕ್ಷೇಪ ಹೆಚ್ಚು ಹರಿತ: ಇದೆಲ್ಲ ಸೋಮಾರಿತನಕ್ಕೆ ತೊಡಿಸಿದ ಅಲಂಕಾರವಲ್ಲವೇ? ಪ್ರತಿಯೊಂದು ದೋಷವನ್ನೂ ನಾನು ಸಮರ್ಥಿಸುತ್ತಿಲ್ಲ. ಚಿತ್ರ ತಡವರಿಸುವುದು ಸಂಖ್ಯೆಗೆ ತೆತ್ತ ಬೆಲೆ. ಬಲವಾದ ಕಂಪ್ಯೂಟರಿನಲ್ಲಿ ಅದು ಕಡಿಮೆಯಾದಾಗ ಮಜವೇನೂ ಇಳಿಯಲಿಲ್ಲ. ದೋಷವೇ ಮಜದ ಮೂಲ ಎನ್ನುವ ಅತಿಭಕ್ತರ ಮಾತು ಹೀಗಾಗಿ ನಿಲ್ಲುವುದಿಲ್ಲ. ಪೆಟ್ಟಿಗೆ ಹೆಕ್ಕುವ ಪದ್ಧತಿಗಂತೂ ಯಾವ ಸಮರ್ಥನೆಯೂ ಇಲ್ಲ. ಸತ್ತ ಶತ್ರುಗಳು ಬೀಳಿಸುವ ಕೆಂಪು ಪೆಟ್ಟಿಗೆಯಿಂದ ಸೈನಿಕನ ಆಯುಷ್ಯ ಚೂರುಚೂರೇ ಏರುತ್ತದೆ, ಹಸಿರು ಪೆಟ್ಟಿಗೆಯಿಂದ ಹೊಸ ಆಯುಧ ಸಿಗುತ್ತದೆ. ಪ್ರತಿಯೊಂದನ್ನೂ ನಡೆದು ಹೋಗಿ ಮುಟ್ಟಬೇಕು, ಕೊನೆಯ ಶತ್ರು ಸತ್ತರೆ ಮಿಷನ್ ಮುಗಿದುಹೋಗುತ್ತದೆ. ಹಾಗಾಗಿ ಪಳಗಿದವರು ಒಂದು ಇರುವೆಯನ್ನು ಬದುಕಿಸಿಟ್ಟು, ಒಬ್ಬ ಅದನ್ನು ಬೀದಿ ತುಂಬ ಓಡಿಸಿಕೊಂಡು ತಿರುಗುವಾಗ ಇನ್ನೊಬ್ಬ ಊರೆಲ್ಲ ಪೆಟ್ಟಿಗೆ ಬಾಚುತ್ತಾನೆ. ನೋಡಲು ತಮಾಷೆ, ಇಪ್ಪತ್ತನೆಯ ಸಲ ಬರೀ ಬೇಸರ. ಇದನ್ನು ಸರಿಪಡಿಸಲು ಹೆಚ್ಚು ಹಣ ಬೇಕಿರಲಿಲ್ಲ, ಮನಸ್ಸು ಮಾಡಿದ್ದರೆ ಸಾಕಿತ್ತು. 2024ರ ಜುಲೈನಲ್ಲಿ ಆರನೆಯ ಭಾಗ ಸ್ಟೀಮ್ ಎಂಬ ಆನ್‌ಲೈನ್ ಗೇಮ್ ಅಂಗಡಿಗೆ ಬಂದಾಗ ಎಪಿಕ್ ಎಂಬ ಇನ್ನೊಂದು ಅಂಗಡಿಯ ಖಾತೆ ಜೋಡಿಸಬೇಕೆಂಬ ನಿಯಮವಿಟ್ಟು, ಆಡುವವರು ತಿರುಗಿಬಿದ್ದ ಮೇಲೆ ಅದನ್ನು ಹಿಂತೆಗೆದುಕೊಂಡದ್ದೂ ಇದೇ ಸಾಲಿಗೆ ಸೇರುತ್ತದೆ. ಅದರಿಂದ ತೆರೆಯ ಮೇಲೆ ಒಂದೇ ಒಂದು ಇರುವೆಯೂ ಹೆಚ್ಚಾಗಿರಲಿಲ್ಲ.

ನಯವೂ ಬೇಕು, ಹುಳುಗಳ ಪ್ರವಾಹವೂ ಬೇಕು ಎನ್ನುವವರು 'ಹೆಲ್‌ಡೈವರ್ಸ್ 2' ಅನ್ನು ತೋರಿಸಬಹುದು. ಸ್ವೀಡನ್ನಿನ ಆರೋಹೆಡ್ ಮಾಡಿದ, 2024ರ ಫೆಬ್ರವರಿಯಲ್ಲಿ 40 ಡಾಲರಿಗೆ ಬಂದ ಈ ಗೇಮ್ 12 ವಾರಗಳಲ್ಲಿ 1.2 ಕೋಟಿ ಪ್ರತಿ ಮಾರಾಟವಾಯಿತು. ನಾಲ್ವರ ತಂಡ, ದೈತ್ಯ ಹುಳುಗಳು, ಆಕಾಶದಿಂದ ಬಾಂಬು, ಸ್ವಪಕ್ಷಕ್ಕೂ ತಾಗುವ ಗುಂಡು, ಆವೇಶದಿಂದ ಘೋಷಣೆ ಕೂಗುವ ಸೈನಿಕರು: ಇಡಿಎಫ್ ಬಲ್ಲವರಿಗೆ ಎಲ್ಲವೂ ಪರಿಚಿತ, ಎಲ್ಲವೂ ಮೆರುಗಿನಿಂದ ಕೂಡಿದ್ದು. ಆದರೆ ಆ ಮೆರುಗಿಗೆ ಹಿಡಿದದ್ದು ಹೆಚ್ಚುಕಡಿಮೆ ಎಂಟು ವರ್ಷ, ಬೆನ್ನಿಗಿದ್ದದ್ದು ಸೋನಿ. ಅಷ್ಟು ಕಾಲ, ಅಷ್ಟು ಆಸರೆ ಇಲ್ಲದವರು ಏನನ್ನು ಬಿಡಬೇಕು ಎಂಬ ಪ್ರಶ್ನೆ ಅದರ ಗೆಲುವಿನಿಂದ ಇತ್ಯರ್ಥವಾಗುವುದಿಲ್ಲ.

ಸ್ಯಾಂಡ್‌ಲಾಟ್‌ನ ಮಿತವ್ಯಯ ತನ್ನ ತುದಿ ಮುಟ್ಟಿದ್ದು ಆರನೆಯ ಭಾಗದಲ್ಲಿ. ಐದನೆಯದರ ಯುದ್ಧ ಮುಗಿದು ಮನುಕುಲದ ಬಹುಪಾಲು ಅಳಿದ ಮೇಲೆ ಕಥೆ ಶುರುವಾಗಿ, ಕಾಲಚಕ್ರದಲ್ಲಿ ಹಿಂದಕ್ಕೆ ಹೋಗಿ ಅದೇ ಯುದ್ಧವನ್ನು ಮತ್ತೆ ಮತ್ತೆ ಹೋರಾಡಬೇಕಾಗುತ್ತದೆ. ಹಳೆಯ ಬೀದಿಗಳು, ಹಳೆಯ ಮಿಷನ್‌ಗಳು, ನಡುವೆ ಹೊಸ ಶತ್ರುಗಳು. ಇದ್ದ ಸಾಮಾನನ್ನೇ ಮತ್ತೆ ಬಳಸಬೇಕಾದ ಬಡತನವನ್ನು ಅವರು ಕಥೆಯ ತಿರುಳನ್ನಾಗಿಯೇ ಮಾಡಿಬಿಟ್ಟರು, ಮೂರನೆಯ ಸುತ್ತಿನ ಹೊತ್ತಿಗೆ ಆ ಪುನರಾವರ್ತನೆಗೆ ನಿಜವಾದ ಆತಂಕದ ರುಚಿಯೂ ಬರುತ್ತದೆ. ಆದರೆ ಇದರ ಬೆಲೆ 60 ಡಾಲರ್. 2000 ಯೆನ್ನಿನ ಗೇಮಿಗೆ ಕೊಟ್ಟ ರಿಯಾಯಿತಿಯನ್ನು ಪೂರ್ತಿ ಬೆಲೆಯ ಗೇಮೂ ಕೇಳತೊಡಗಿದರೆ ಕೊಳ್ಳುವವರು ಹುಬ್ಬೇರಿಸುವುದು ನ್ಯಾಯವೇ, ಮೊದಲ ಆಟಕ್ಕೆ ಇದನ್ನು ಸೂಚಿಸಲು ನನಗೂ ಮನಸ್ಸಿಲ್ಲ. ಸರಣಿಯ 'ಇಡಿಎಫ್ 4.1' ಅಥವಾ 'ಇಡಿಎಫ್ 5' ಸ್ಟೀಮ್‌ನಲ್ಲಿ ಆಗಾಗ ಒಳ್ಳೆಯ ರಿಯಾಯಿತಿಗೆ ಬರುತ್ತವೆ, ಒಂದೇ ತೆರೆಯನ್ನು ಇಬ್ಬರಿಗೆ ಸೀಳಿ ಆಡುವ ಸೌಲಭ್ಯವೂ ಇದೆ. ಒಬ್ಬರು ರೇಂಜರ್, ಇನ್ನೊಬ್ಬರು ವಿಂಗ್ ಡೈವರ್ ಆಗಲಿ. ಕಷ್ಟದ ಮಟ್ಟವನ್ನು ಈಸಿಯಲ್ಲಿಟ್ಟು ಆಡಿದರೆ ಇರುವೆಗಳ ಭಯವೇ ಹುಟ್ಟುವುದಿಲ್ಲ, ಇನ್ಫರ್ನೋ ಹೊಸಬರಿಗಲ್ಲ. ಹಾರ್ಡ್ ಸರಿಯಾದ ಹದ. ರಾಕೆಟ್ ಲಾಂಚರ್ ಯಾರ ಕೈಯಲ್ಲಿರಬೇಕು ಎಂಬುದನ್ನು ಮಾತ್ರ ಮೊದಲೇ ಮಾತಾಡಿಕೊಳ್ಳಿ.