ಶರಾವತಿಯಲ್ಲಿ ತೇಲಿದ, ದಿಕ್ಕು ನೋಡದ ದೂರದರ್ಶಕ

ಶಿವಮೊಗ್ಗದಿಂದ ತೀರ್ಥಹಳ್ಳಿ ರಸ್ತೆ ಹಿಡಿದು ಹದಿನಾಲ್ಕು ಕಿಲೋಮೀಟರ್ ಹೋದರೆ ಸಕ್ರೆಬೈಲು. ಬೆಳಿಗ್ಗೆ ಬಿಡಾರದ ಆನೆಗಳು ತುಂಗೆಯ ಹಿನ್ನೀರಿಗೆ ಇಳಿದು ಪಕ್ಕಕ್ಕೆ ಒರಗಿ ಮಲಗುತ್ತವೆ. ಮಾವುತರು ನೀರೆರಚುತ್ತಾ ಮೈ ಉಜ್ಜುತ್ತಾರೆ. ದಡದಲ್ಲಿ ನಿಂತವರ ಕಣ್ಣಿಗೆ ಸೊಂಡಿಲು, ಕಿವಿ, ಮಾವುತರ ಕೈ ಬಿಟ್ಟರೆ ಬೇರೇನೂ ಅಲುಗುವುದಿಲ್ಲ. ಆದರೆ ಆನೆ, ಹೊಳೆ, ದಡ ಎಲ್ಲವೂ ಭೂಮಿಯ ಜತೆ ಗಂಟೆಗೆ ಸುಮಾರು 1,600 ಕಿ.ಮೀ. ವೇಗದಲ್ಲಿ ಪೂರ್ವಕ್ಕೆ ತಿರುಗುತ್ತಿವೆ. ಭೂಮಿಯೋ ಸೆಕೆಂಡಿಗೆ 30 ಕಿ.ಮೀ.ಯಂತೆ ಸೂರ್ಯನನ್ನು ಸುತ್ತುತ್ತಿದೆ.

ಹಾಗಾದರೆ ನಿಜಕ್ಕೂ ನಿಂತಿರುವುದು ಯಾವುದು?

ಹೊಳೆಬಾಗಿಲಿನಿಂದ ಸಿಗಂದೂರಿಗೆ ಲಾಂಚಿನಲ್ಲಿ ಶರಾವತಿ ದಾಟಿದವರಿಗೆ ಈ ಪ್ರಶ್ನೆಯ ರುಚಿ ಗೊತ್ತು. ಲಾಂಚಿನ ಮೇಲೆ ನಿಂತ ಬಸ್ಸಿನೊಳಗೆ ಕಣ್ಣು ಮುಚ್ಚಿ ಕೂತರೆ, ಎಂಜಿನ್ ಸದ್ದೊಂದನ್ನು ಬಿಟ್ಟರೆ, ಸಾಗುತ್ತಿದ್ದೇವೆಂದು ಹೇಳಲು ಸಾಕ್ಷಿಯೇ ಇರಲಿಲ್ಲ. 1632ರಲ್ಲೇ ಗೆಲಿಲಿಯೊ ಹಡಗಿನ ಕೋಣೆಯನ್ನು ಮುಂದಿಟ್ಟುಕೊಂಡು ಇದನ್ನೇ ವಾದಿಸಿದ್ದ. 1887ರಲ್ಲಿ ಮೈಕೆಲ್‌ಸನ್ ಮತ್ತು ಮಾರ್ಲಿ ಬೆಳಕಿನ ವೇಗವನ್ನು ಬೇರೆ ಬೇರೆ ದಿಕ್ಕಿನಲ್ಲಿ ಹೋಲಿಸಿ ಭೂಮಿಯ ಓಟವನ್ನು ಹಿಡಿಯಲು ನೋಡಿದರು; ನಿರೀಕ್ಷಿಸಿದ ವ್ಯತ್ಯಾಸ ಸಿಗಲಿಲ್ಲ. ಭೌತನಿಯಮಗಳಿಗೆ ಇಂಥದ್ದೇ ದಡ ಬೇಕೆಂಬ ಪಕ್ಷಪಾತವಿಲ್ಲ ಎಂಬುದನ್ನು 1905ರಲ್ಲಿ ಐನ್‌ಸ್ಟೈನ್ ಸಿದ್ಧಾಂತವನ್ನಾಗಿಸಿದ.

ನಿಯಮಗಳಿಗೆ ದಡವಿಲ್ಲ, ಸರಿ. ಆದರೆ ವಿಶ್ವದಲ್ಲಿ ತುಂಬಿರುವ ಬೆಳಕಿಗೆ ಒಂದು ದಡವಿದೆ. ಮಹಾಸ್ಫೋಟದ ನಂತರ ಉಳಿದ ಕಾವು, ಅಂದರೆ ಹಿನ್ನೆಲೆ ವಿಕಿರಣ, 2.725 ಕೆಲ್ವಿನ್ ಉಷ್ಣತೆಯಲ್ಲಿ ಎಲ್ಲ ಕಡೆಯಿಂದಲೂ ಬರುತ್ತಿದೆ. ಮಲೆನಾಡಿನ ಮಳೆಯಲ್ಲಿ ಓಡುವವರಿಗೆ ಎದೆ ಹೆಚ್ಚು ನೆನೆಯುತ್ತದೆ, ಬೆನ್ನು ಕಡಿಮೆ. ಹಾಗೆಯೇ ನಾವು ಸಾಗುವ ದಿಕ್ಕಿನಲ್ಲಿ ಈ ಕಾವು ಎಂಟುನೂರರಲ್ಲಿ ಒಂದು ಪಾಲಿನಷ್ಟು ಹೆಚ್ಚು, ಹಿಂದೆ ಅಷ್ಟೇ ಕಡಿಮೆ. 1977ರಲ್ಲಿ ಜಾರ್ಜ್ ಸ್ಮೂಟ್ ತಂಡ ಯು-2 ವಿಮಾನದಲ್ಲಿ ಉಪಕರಣ ಕೂರಿಸಿ ಇದನ್ನು ಸ್ಪಷ್ಟವಾಗಿ ಅಳೆಯಿತು. ಇಂದಿನ ಲೆಕ್ಕದಂತೆ ಸೂರ್ಯಮಂಡಲ ಓಡುತ್ತಿರುವುದು ಸೆಕೆಂಡಿಗೆ ಸುಮಾರು 370 ಕಿ.ಮೀ. ವೇಗದಲ್ಲಿ. ಶಿವಮೊಗ್ಗದಿಂದ ಬೆಂಗಳೂರಿಗೆ ಒಂದು ಸೆಕೆಂಡೂ ಬೇಡ.

ಈ ಕಥೆಗೆ ಶಿವಮೊಗ್ಗ ಜಿಲ್ಲೆಯೂ ಒಂದು ಅಧ್ಯಾಯ ಸೇರಿಸಿದೆ. ಮೊದಲ ನಕ್ಷತ್ರಗಳು ಹೊತ್ತಿದ ಕಾಲದಲ್ಲಿ ಜಲಜನಕವು ಹಿನ್ನೆಲೆ ವಿಕಿರಣದ ಒಂದಂಶವನ್ನು ಹೀರಿದ ಗುರುತು 78 ಮೆಗಾಹರ್ಟ್ಸ್ ಬಳಿ ಸಿಕ್ಕಿತೆಂದು 2018ರಲ್ಲಿ ಅಮೆರಿಕದ 'ಎಡ್ಜಸ್' ತಂಡ ಪ್ರಕಟಿಸಿತು. ಅದನ್ನು ಪರೀಕ್ಷಿಸಲು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರು 'ಸರಸ್-3' ಎಂಬ ರೇಡಿಯೊ ದೂರದರ್ಶಕವನ್ನು ಕಟ್ಟಿ, 2020ರ ಆರಂಭದಲ್ಲಿ ದಂಡಿಗಾನಹಳ್ಳಿ ಕೆರೆಯಲ್ಲೂ ಈ ಜಿಲ್ಲೆಯ ಶರಾವತಿ ಹಿನ್ನೀರಿನಲ್ಲೂ ತೇಲಿಬಿಟ್ಟರು. ಲೋಹದ ತಟ್ಟೆ, ಅದರ ಮೇಲೆ ಲೋಹದ ಶಂಕು, ಕೆಳಗೆ ತೆಪ್ಪ, ನೋಡಲು ಇಷ್ಟೇ.

ನೀರೇ ಯಾಕೆ? ನೆಲದಡಿ ಒಣಮಣ್ಣು, ತೇವ, ಬಂಡೆ ಎಂದು ಪದರಗಳಿರುತ್ತವೆ. ಒಂದೊಂದೂ ರೇಡಿಯೊ ಅಲೆಯನ್ನು ಒಂದೊಂದು ರೀತಿ ಮರಳಿಸಿ ಸುಳ್ಳು ಏರಿಳಿತ ಹುಟ್ಟಿಸುತ್ತದೆ. ಹುಡುಕುತ್ತಿರುವುದು ಸಾವಿರಾರು ಡಿಗ್ರಿಯ ಆಕಾಶಗದ್ದಲದ ನಡುವೆ ಅರ್ಧ ಡಿಗ್ರಿಯ ತಗ್ಗನ್ನು, ಹಾಗಾಗಿ ಇಂಥ ಚಿಕ್ಕ ಮೋಸವೂ ದೊಡ್ಡದೇ. ಹಿನ್ನೀರು ಮಾತ್ರ ಆಳದವರೆಗೂ ಒಂದೇ ಸಮ. ಎಫ್‌ಎಂ ಕೇಂದ್ರಗಳ ಕಾಟವೂ ಅಲ್ಲಿ ಕಡಿಮೆ.

ಸರಸ್ ಯಾವ ನಕ್ಷತ್ರದ ಕಡೆಗೂ ಮುಖ ಮಾಡುವುದಿಲ್ಲ. ಅದು ಇಡೀ ಆಕಾಶದ ಸರಾಸರಿಯನ್ನು ಕೇಳಿಸಿಕೊಳ್ಳುತ್ತದೆ. ವಿಶ್ವಕ್ಕೆ ದೊಡ್ಡ ಅಳತೆಯಲ್ಲಿ ಮೆಚ್ಚಿನ ದಿಕ್ಕಿಲ್ಲ ಎಂಬ ನಂಬಿಕೆಯ ಮೇಲೆಯೇ ಆ ಯಂತ್ರ ನಿಂತಿದೆ. ಸೌರಭ್ ಸಿಂಗ್ ಮತ್ತು ಸಂಗಡಿಗರು 2022ರ ಫೆಬ್ರುವರಿಯಲ್ಲಿ 'ನೇಚರ್ ಆಸ್ಟ್ರಾನಮಿ' ಪತ್ರಿಕೆಯಲ್ಲಿ ಫಲಿತಾಂಶ ಬರೆದರು: ಎಡ್ಜಸ್ ಹೇಳಿದ ಆಕಾರದ ತಗ್ಗು ಅಲ್ಲಿಲ್ಲ, ಶೇ 95.3ರ ಖಚಿತತೆಯಲ್ಲಿ. ದೊಡ್ಡ ಘೋಷಣೆಯೊಂದನ್ನು ತೆಪ್ಪದ ಮೇಲಿನ ಶಂಕುವೊಂದು ತಡೆದು ನಿಲ್ಲಿಸಿದ್ದು ಕನ್ನಡ ನಾಡು ಹೆಮ್ಮೆಪಡಬೇಕಾದ ಕೆಲಸ.

ಅದೇ ಸಂಸ್ಥೆಯ ಅವಿನಾಶ್ ದೇಶಪಾಂಡೆ 2018ರಲ್ಲಿ ಇನ್ನೊಂದು ಒರೆಗಲ್ಲನ್ನು ಸೂಚಿಸಿದ್ದರು. ತಗ್ಗು ನಿಜಕ್ಕೂ ವಿಶ್ವದ ಮೊದಲ ಬೆಳಗಿನದೇ ಆಗಿದ್ದರೆ, ನಮ್ಮ ಓಟದ ಗುರುತು ಅದರಲ್ಲೂ ಮೂಡಬೇಕು: ಮುಂದಿನ ದಿಕ್ಕಿನಲ್ಲಿ ಒಂದು ಬಗೆ, ಹಿಂದೆ ಇನ್ನೊಂದು ಬಗೆ.

ಇಷ್ಟಾದರೂ ಒಂದು ತೊಡಕು ಉಳಿದಿದೆ. 2021ರಲ್ಲಿ ನೇಥನ್ ಸೆಕ್ರೆಸ್ಟ್ ಮತ್ತು ಜತೆಗಾರರು ಕ್ವೇಸಾರ್ ಎಂಬ ಬಹುದೂರದ ಉಜ್ವಲ ಗೆಲಾಕ್ಸಿ ಕೇಂದ್ರಗಳನ್ನು, ಹದಿಮೂರು ಲಕ್ಷಕ್ಕೂ ಹೆಚ್ಚು, ಎಣಿಸಿದರು. ನಮ್ಮ ಓಟದಿಂದಾಗಿ ಮುಂದಿನ ದಿಕ್ಕಿನಲ್ಲಿ ಅವು ತುಸು ದಟ್ಟವಾಗಿ ಕಾಣಬೇಕು; ಆದರೆ ಆ ಹೆಚ್ಚಳ ನಿರೀಕ್ಷೆಯ ಎರಡು ಪಟ್ಟಿಗೂ ಮೀರಿತ್ತು. ದಿಕ್ಕು ಹೆಚ್ಚುಕಡಿಮೆ ಅದೇ, ಪ್ರಮಾಣ ಮಾತ್ರ ಬೇರೆ. ವಿಕಿರಣದ ದಡ, ವಸ್ತುಗಳ ದಡ ಎರಡೂ ಒಂದೇ ಹೌದೋ ಅಲ್ಲವೋ ಎಂಬುದು ಈಗ ವಿಶ್ವವಿಜ್ಞಾನದ ಜೀವಂತ ಜಗಳ.

ಏಪ್ರಿಲ್‌ನ ರಾತ್ರಿ ಹತ್ತರ ಹೊತ್ತಿಗೆ ಮನೆಯ ಅಂಗಳಕ್ಕೆ ಬಂದು ನೆತ್ತಿಯ ಬಳಿ ಸಿಂಹರಾಶಿಯನ್ನು ಗುರುತಿಸಿ, ಅಲ್ಲಿಂದ ತುಸು ದಕ್ಷಿಣಕ್ಕೆ ನೋಡಿ. ಸಕ್ರೆಬೈಲಿನ ಆನೆಗಳೂ ನಾವೂ ಸಾಗುತ್ತಿರುವುದು ಆ ಕಡೆಗೇ.